ನೆತ್ತಿ ಬೋಳಾಗಲು ಬೋರ್‌ವೆಲ್ ನೀರು ಕಾರಣವಲ್ಲ

"ಊರಲ್ಲಿದ್ದಾಗ ಚೆನ್ನಾಗೇ ಇತ್ತು ಡಾಕ್ಟ್ರೇ. ಬೆಂಗಳೂರಿಗೆ ಬಂದ ಮೇಲೆ ಈ ಬೋರ್‌ವೆಲ್ ನೀರಿಗೆ ಎಲ್ಲಾ ಉದುರಿಹೋಯ್ತು."

ಇಪ್ಪತ್ತೈದರ ಆಸುಪಾಸಿನ ಹುಡುಗರಿಂದ ಈ ಮಾತು ಕೇಳದ ವಾರವಿಲ್ಲ. ಮಾರತ್‌ಹಳ್ಳಿ, ವೈಟ್‌ಫೀಲ್ಡ್ ಕಡೆಯ ಪಿಜಿಗಳಲ್ಲಿ ಇರುವವರೇ ಜಾಸ್ತಿ. ಷವರ್‌ಗೆ ಫಿಲ್ಟರ್ ಹಾಕಿಸಿರುತ್ತಾರೆ. ಕ್ಯಾನ್ ನೀರು ತರಿಸಿ ತಲೆ ತೊಳೆದಿರುತ್ತಾರೆ. ಅಷ್ಟರಲ್ಲಿ ಎರಡು ವರ್ಷ ಹೋಗಿರುತ್ತದೆ. ನನಗೆ ಸಂಕಟ ಆಗುವುದು ಆ ಎರಡು ವರ್ಷಕ್ಕೆ.

ಗಡಸು ನೀರಿನಿಂದ ಕೂದಲು ಒರಟಾಗುತ್ತದೆ, ತುಂಡಾಗಲೂಬಹುದು. ಆದರೆ ನೀರು ಇಡೀ ತಲೆಗೆ ಬೀಳುತ್ತದೆ, ಅಲ್ವಾ? ಹಣೆಯ ಎರಡು ಮೂಲೆ ಮತ್ತು ನೆತ್ತಿ ಮಾತ್ರ ಯಾಕೆ ಬೋಳಾಗಬೇಕು? ಹಿಂದಲೆ ಯಾಕೆ ದಟ್ಟವಾಗೇ ಉಳಿಯಬೇಕು? ಕಾರಣ ಡಿಎಚ್‌ಟಿ. ಟೆಸ್ಟೋಸ್ಟೆರಾನ್‌ನಿಂದ ನಮ್ಮ ಮೈಯಲ್ಲೇ ತಯಾರಾಗುವ ಹಾರ್ಮೋನ್ ಇದು. ಕೆಲವರ ನೆತ್ತಿಯ ಕೂದಲ ಬುಡ ಇದನ್ನು ತಾಳುವುದಿಲ್ಲ. ಉದುರಿ ಮತ್ತೆ ಹುಟ್ಟುವಾಗ ಕೂದಲು ಪ್ರತಿ ಸಲವೂ ಇನ್ನಷ್ಟು ತೆಳ್ಳಗೆ, ಗಿಡ್ಡಗೆ ಬರುತ್ತದೆ. ಈ ಗುಣ ತಂದೆ ಕಡೆಯಿಂದಲೂ ಬರಬಹುದು, ತಾಯಿ ಕಡೆಯಿಂದಲೂ ಬರಬಹುದು. ಸೋದರಮಾವನ ತಲೆಯೊಂದನ್ನೇ ನೋಡಿ ನಿರಾಳವಾಗಬೇಡಿ. ಇದು ಶುರುವಾಗುವ ವಯಸ್ಸೂ ಕೆಲಸ ಹುಡುಕಿ ಬೆಂಗಳೂರಿಗೆ ಬರುವ ವಯಸ್ಸೂ ಎಷ್ಟೋ ಜನರಿಗೆ ಒಂದೇ. ಅದಕ್ಕೇ ತಪ್ಪು ನೀರಿನ ಮೇಲೆ ಹೋಗುತ್ತದೆ.

ಡೆಂಗಿ, ಟೈಫಾಯ್ಡ್ ಬಂದುಹೋದ ಎರಡು ಮೂರು ತಿಂಗಳಿಗೆ ಹಿಡಿ ಹಿಡಿಯಾಗಿ ಉದುರುವುದು ಬೇರೆ. ಅದು ಸಾಮಾನ್ಯವಾಗಿ ಆರು ತಿಂಗಳೊಳಗೆ ತಾನಾಗೇ ಹತೋಟಿಗೆ ಬರುತ್ತದೆ. ದಿನಕ್ಕೆ 50ರಿಂದ 100 ಕೂದಲು ಎಲ್ಲರಿಗೂ ಉದುರುತ್ತದೆ. ಸುಮ್ನೆ ಬಾಚಣಿಗೆಯಲ್ಲಿ ಎಣಿಸಬೇಡಿ. ಕಾಲೇಜಿನ ಐಡಿ ಕಾರ್ಡ್ ಫೋಟೋ ಪಕ್ಕದಲ್ಲಿಟ್ಟು ಕನ್ನಡಿ ನೋಡಿ.

ನೆತ್ತಿಗೆ ಹಚ್ಚುವ ಔಷಧಿ ಮಿನಾಕ್ಸಿಡಿಲ್, ಗಂಡಸರಿಗೆ ಸಾಮಾನ್ಯವಾಗಿ ಶೇ. 5ರದ್ದು. ಮೊದಲು ಇದು ಬಿಪಿ ಮಾತ್ರೆಯಾಗಿತ್ತು. ನುಂಗಿದವರ ಮೈಮೇಲೆ ಕೂದಲು ಬೆಳೆದಾಗ ಈ ಗುಣ ಗೊತ್ತಾಯಿತು. ಹಚ್ಚಲು ಶುರು ಮಾಡಿದ ಕೆಲವು ವಾರ ಉದುರುವುದು ಜಾಸ್ತಿಯಾಗಬಹುದು. ಎಷ್ಟೋ ಜನ ಹೆದರಿ ಬಿಡುವುದು ಇಲ್ಲೇ. ದಯವಿಟ್ಟು ಬಿಡಬೇಡಿ, ಹಳೆಯ ಕೂದಲು ಹೊಸದಕ್ಕೆ ಜಾಗ ಬಿಡುತ್ತಿರುತ್ತದೆ. ನಾಲ್ಕರಿಂದ ಆರು ತಿಂಗಳು ಕಾಯಬೇಕು. ನಿಲ್ಲಿಸಿದರೆ ಬಂದದ್ದೂ ಹೋಗುತ್ತದೆ. ಮನೆಯಲ್ಲಿ ಬೆಕ್ಕಿದ್ದರೆ ಜೋಪಾನ, ಅದು ಬೆಕ್ಕಿಗೆ ವಿಷ.

ಡಿಎಚ್‌ಟಿ ತಗ್ಗಿಸುವ ಮಾತ್ರೆ ಫಿನಾಸ್ಟರೈಡ್, ದಿನಕ್ಕೆ 1 ಮಿಲಿಗ್ರಾಂ. ಕೆಲವರಲ್ಲಿ ಲೈಂಗಿಕ ಆಸಕ್ತಿ ಕುಗ್ಗುತ್ತದೆ, ಮನಸ್ಸು ಮಂಕಾಗುತ್ತದೆ. ಹಾಗಾದರೆ ನಾಚಿಕೊಳ್ಳದೆ ಹೇಳಿ. ವೈದ್ಯರನ್ನು ಕೇಳದೆ ಅಂಗಡಿಯಿಂದ ತಂದು ನುಂಗಬೇಡಿ. ಪ್ರಾಸ್ಟೇಟ್ ಗ್ರಂಥಿಯ ಕ್ಯಾನ್ಸರ್ ಸುಳಿವು ನೋಡುವ ಪಿಎಸ್‌ಎ ರಕ್ತಪರೀಕ್ಷೆ ಮಾಡಿಸುವವರು ಈ ಮಾತ್ರೆಯ ವಿಷಯ ಹೇಳಲೇಬೇಕು, ಫಲಿತಾಂಶ ಸುಮಾರು ಅರ್ಧಕ್ಕೆ ಇಳಿದಿರುತ್ತದೆ.

ಕೂದಲು ಕಸಿಗೆ 22ರ ಹುಡುಗರು ಬಂದರೆ ಕಾಯಲು ಹೇಳುತ್ತೇನೆ. ಹಿಂದಲೆಯ ಕೂದಲನ್ನು ಮುಂದಕ್ಕೆ ನೆಡುವುದು ಅದು. ಅಲ್ಲಿರುವುದು ಇಷ್ಟೇ ಎಂದು ಲೆಕ್ಕವಿರುತ್ತದೆ. ಬೋಳು ಇನ್ನೆಲ್ಲಿಯವರೆಗೆ ಹರಡುತ್ತದೋ ಗೊತ್ತಾಗುವ ಮೊದಲೇ ಅದನ್ನು ಖರ್ಚು ಮಾಡಿದರೆ, ನಲವತ್ತರಲ್ಲಿ ತೆಗೆಯಲು ಏನೂ ಉಳಿದಿರುವುದಿಲ್ಲ.