ಎಫ್‌ಐಆರ್‌ನಿಂದ ತೀರ್ಪಿನವರೆಗೆ: ಯಾವ ಹಂತದಲ್ಲಿ ಎಷ್ಟು ಆಧಾರ ಬೇಕು?

ಕ್ರಿಮಿನಲ್ ಕೇಸಿನ ಹಂತಗಳನ್ನು ಸುಮ್ನೆ ಬಾಯಿಪಾಠ ಮಾಡಿದರೆ ಪರೀಕ್ಷೆಯಲ್ಲಿ ಎಲ್ಲ ಕಲಸಿಹೋಗುತ್ತವೆ. ಪ್ರತಿ ಹಂತದಲ್ಲೂ ಎರಡು ಪ್ರಶ್ನೆ ಕೇಳಿಕೊಳ್ಳಿ. ಇಲ್ಲಿ ತೀರ್ಮಾನ ಮಾಡುವವರು ಯಾರು? ಅವರಿಗೆ ಎಷ್ಟು ಆಧಾರ ಸಾಕು? ಭಾರತದಲ್ಲಿ 2024ರ ಜುಲೈ 1ರಿಂದ ಈ ಹಂತಗಳನ್ನು ಹೇಳುವ ಕಾನೂನು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ. ಹಳೆಯ ಗೈಡುಗಳಲ್ಲಿ 1973ರ ಸಂಹಿತೆಯ ಕಲಂ ಸಂಖ್ಯೆಗಳಿರುತ್ತವೆ, ನೋಡಿಕೊಂಡು ಓದಿ.

ಎಫ್‌ಐಆರ್‌ಗೆ ಬೇಕಾಗುವುದು ಮಾಹಿತಿ ಮಾತ್ರ. ವಾರಂಟ್ ಇಲ್ಲದೆ ಬಂಧಿಸಬಹುದಾದ ಅಪರಾಧ, ಅಂದರೆ ಸಂಜ್ಞೇಯ ಅಪರಾಧ ನಡೆದಿದೆ ಎಂದು ಯಾರಾದರೂ ತಿಳಿಸಿದರೆ ಪೊಲೀಸರು ದಾಖಲಿಸಲೇಬೇಕು (ಕಲಂ 173). ಲಲಿತಾ ಕುಮಾರಿ ಪ್ರಕರಣದಲ್ಲಿ 2013ರಲ್ಲೇ ಸುಪ್ರೀಂ ಕೋರ್ಟ್ ಇದನ್ನು ಹೇಳಿತ್ತು. ಹೊಸ ಸಂಹಿತೆ ಒಂದು ಸಡಿಲಿಕೆ ಕೊಟ್ಟಿದೆ. 3 ವರ್ಷದಿಂದ 7 ವರ್ಷದೊಳಗಿನ ಶಿಕ್ಷೆಯ ಅಪರಾಧವಾದರೆ, ಡಿವೈಎಸ್‌ಪಿ ಅನುಮತಿ ಪಡೆದು 14 ದಿನದೊಳಗೆ ಪ್ರಾಥಮಿಕ ವಿಚಾರಣೆ ಮಾಡಬಹುದು. ಅಸಂಜ್ಞೇಯ ಅಪರಾಧವಾದರೆ ಮ್ಯಾಜಿಸ್ಟ್ರೇಟ್ ಆದೇಶ ಇಲ್ಲದೆ ತನಿಖೆಯೇ ಇಲ್ಲ.

ಎಫ್‌ಐಆರ್ ಆಯಿತೆಂದ ಮಾತ್ರಕ್ಕೆ ಬಂಧನ ಆಗಲೇಬೇಕು ಅಂತೇನಿಲ್ಲ. ಬಂಧಿಸಿದರೆ, ಪ್ರಯಾಣದ ಸಮಯ ಬಿಟ್ಟು 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟ್ ಮುಂದೆ ಹಾಜರುಪಡಿಸಬೇಕು. ಸಂವಿಧಾನದ 22ನೇ ವಿಧಿಯೂ ಇದನ್ನೇ ಹೇಳುತ್ತದೆ. ಆಮೇಲೆ ಆರೋಪಿ ಎಲ್ಲಿರಬೇಕು ಎಂದು ಹೇಳುವವರು ಪೊಲೀಸರಲ್ಲ, ಮ್ಯಾಜಿಸ್ಟ್ರೇಟ್. ಪೊಲೀಸ್ ಕಸ್ಟಡಿ ಒಟ್ಟು 15 ದಿನ ಮೀರುವಂತಿಲ್ಲ. ಉಳಿದದ್ದು ನ್ಯಾಯಾಂಗ ಬಂಧನ.

ಜಾಸ್ತಿ ಜನ ಎಡವುವುದು ಡೀಫಾಲ್ಟ್ ಜಾಮೀನಿನಲ್ಲಿ. ಮರಣದಂಡನೆ, ಜೀವಾವಧಿ ಅಥವಾ 10 ವರ್ಷಕ್ಕೆ ಕಡಿಮೆಯಿಲ್ಲದ ಶಿಕ್ಷೆಯ ಅಪರಾಧಗಳಲ್ಲಿ 90 ದಿನ, ಉಳಿದವುಗಳಲ್ಲಿ 60 ದಿನ. ಅಷ್ಟರೊಳಗೆ ಚಾರ್ಜ್‌ಶೀಟ್ (ತನಿಖೆ ಮುಗಿಸಿ ಪೊಲೀಸರು ಕೋರ್ಟಿಗೆ ಕೊಡುವ ವರದಿ) ಬರದಿದ್ದರೆ, ಜಾಮೀನು ಕೊಡಲು ಸಿದ್ಧನಿರುವ ಆರೋಪಿಗೆ ಬಿಡುಗಡೆ ಹಕ್ಕಾಗುತ್ತದೆ (ಕಲಂ 187). ಆದರೆ ಚಾರ್ಜ್‌ಶೀಟ್ ಬೀಳುವ ಮುಂಚೆ ಕೇಳಬೇಕು. ಕೇಳದೆ ಸುಮ್ಮನಿದ್ದು, ಅಷ್ಟರಲ್ಲಿ ಚಾರ್ಜ್‌ಶೀಟ್ ಬಂದುಬಿಟ್ಟರೆ ಆ ಹಕ್ಕು ಹೋಯಿತು. ಈ ಜಾಮೀನಿಗೂ ಆರೋಪಿ ತಪ್ಪು ಮಾಡಿದ್ದಾನೋ ಇಲ್ಲವೋ ಎನ್ನುವುದಕ್ಕೂ ಸಂಬಂಧವೇ ಇಲ್ಲ. ತನಿಖೆ ತಡವಾಯಿತು, ಅಷ್ಟೇ.

ಚಾರ್ಜ್‌ಶೀಟ್ ಎಂದರೆ ತನಿಖಾಧಿಕಾರಿಯ ಅಭಿಪ್ರಾಯ. ಸುದ್ದಿಯಲ್ಲಿ ಅದನ್ನೇ ತೀರ್ಪಿನ ಹಾಗೆ ಓದುತ್ತಾರೆ, ಅಲ್ವಾ? ಆಧಾರ ಸಿಗದಿದ್ದರೆ ಪೊಲೀಸರು ಬಿ ರಿಪೋರ್ಟ್, ಅಂದರೆ ಕೇಸು ಮುಗಿಸಿ ಎನ್ನುವ ವರದಿ ಹಾಕುತ್ತಾರೆ. ಅದಕ್ಕೂ ಮ್ಯಾಜಿಸ್ಟ್ರೇಟ್ ತಲೆಯಾಡಿಸಲೇಬೇಕೆಂದಿಲ್ಲ. ದೂರುದಾರರು ತಕರಾರು ಅರ್ಜಿ ಹಾಕಬಹುದು, ಮ್ಯಾಜಿಸ್ಟ್ರೇಟ್ ಮತ್ತೆ ತನಿಖೆ ಮಾಡಿ ಎನ್ನಬಹುದು. ಕೊಲೆಯಂಥ ಪ್ರಕರಣವಾದರೆ ಮ್ಯಾಜಿಸ್ಟ್ರೇಟ್ ಕಡತವನ್ನು ಸೆಷನ್ಸ್ ನ್ಯಾಯಾಲಯಕ್ಕೆ ಒಪ್ಪಿಸುತ್ತಾರೆ.

ಮುಂದಿನದು ಆರೋಪ ಹೊರಿಸುವುದು. ಇಲ್ಲಿಂದ ಮಾತು ನ್ಯಾಯಾಧೀಶರದ್ದು. ಮೇಲ್ನೋಟಕ್ಕೆ ಬಲವಾದ ಅನುಮಾನ ಇದ್ದರೆ ಸಾಕು, ವಿಚಾರಣೆ ಮುಂದುವರಿಯುತ್ತದೆ. ಅಷ್ಟೂ ಇಲ್ಲದಿದ್ದರೆ ಆರೋಪಿಯನ್ನು ಡಿಸ್ಚಾರ್ಜ್ ಮಾಡುತ್ತಾರೆ, ಅಂದರೆ ಸಾಕ್ಷಿ ವಿಚಾರಣೆಗೆ ಮುಂಚೆಯೇ ಕೇಸಿನಿಂದ ಕೈಬಿಡುತ್ತಾರೆ. ಇದು ಖುಲಾಸೆ ಅಲ್ಲ. ಖುಲಾಸೆ ಆಗುವುದು ವಿಚಾರಣೆ ಮುಗಿದ ಮೇಲೆ. ಆ ತೀರ್ಪು ಉಳಿದಿರುವಷ್ಟು ಕಾಲ ಅದೇ ಅಪರಾಧಕ್ಕೆ ಮತ್ತೆ ವಿಚಾರಣೆ ಇಲ್ಲ. ಡಿಸ್ಚಾರ್ಜ್ ಆದವನಿಗೆ ಈ ರಕ್ಷಣೆ ಇಲ್ಲ. ಹೊಸ ಸಾಕ್ಷ್ಯ ಸಿಕ್ಕರೆ ಅವನ ಮೇಲೆ ಮತ್ತೆ ಕೇಸು ನಡೆಯಬಹುದು.

ವಿಚಾರಣೆಯಲ್ಲಿ ಸಾಕ್ಷಿಗಳು ಪ್ರಮಾಣ ಮಾಡಿ ಹೇಳುತ್ತಾರೆ. ಮೊದಲು ಮುಖ್ಯ ವಿಚಾರಣೆ (ಸಾಕ್ಷಿಯನ್ನು ಕರೆಸಿದ ಕಡೆಯ ವಕೀಲರ ಪ್ರಶ್ನೆಗಳು), ಆಮೇಲೆ ಪಾಟೀ ಸವಾಲು (ಎದುರು ಕಡೆಯ ವಕೀಲರ ಪ್ರಶ್ನೆಗಳು). ಪೊಲೀಸರ ಮುಂದೆ ಕೊಟ್ಟ ಹೇಳಿಕೆಗೆ ಸಾಕ್ಷಿಯ ಸಹಿ ಇರುವುದಿಲ್ಲ. ಅದನ್ನು ನೇರವಾಗಿ ಸಾಕ್ಷ್ಯ ಎಂದು ಬಳಸುವ ಹಾಗಿಲ್ಲ. ಕೋರ್ಟಿನಲ್ಲಿ ಬೇರೆ ಮಾತಾಡಿದರೆ "ಅವತ್ತು ಹೀಗೆ ಹೇಳಿದ್ದಿರಲ್ಲ" ಎಂದು ಎದುರಿಗಿಡಲು ಮಾತ್ರ. ಸಾಕ್ಷಿ ತಿರುಗಿಬಿದ್ದರೆ ಸರ್ಕಾರಿ ವಕೀಲರು ಪೇಚಿಗೆ ಸಿಲುಕುವುದು ಇದಕ್ಕೇ. ಪೊಲೀಸರ ಮುಂದಿನ ತಪ್ಪೊಪ್ಪಿಗೆಯೂ ಆರೋಪಿಯ ವಿರುದ್ಧ ನಿಲ್ಲುವುದಿಲ್ಲ. ಅದರಿಂದ ಪತ್ತೆಯಾದ ವಸ್ತು ಇದ್ದರೆ, ಅದಕ್ಕೆ ಸಂಬಂಧಿಸಿದಷ್ಟು ಮಾತು ಮಾತ್ರ ನಡೆಯುತ್ತದೆ. ಕೊನೆಗೆ ನ್ಯಾಯಾಧೀಶರು ಆರೋಪಿಯನ್ನೇ ಕೇಳುತ್ತಾರೆ (ಕಲಂ 351, ಹಳೆಯ 313). ಇದಕ್ಕೆ ಪ್ರಮಾಣ ಇಲ್ಲ, ಉತ್ತರ ಕೊಡದಿದ್ದರೆ ಶಿಕ್ಷೆಯೂ ಇಲ್ಲ.

ಶಿಕ್ಷೆ ಕೊಡಬೇಕಾದರೆ ಮಾತ್ರ ಸಮಂಜಸ ಅನುಮಾನಕ್ಕೆ ಎಡೆಯಿಲ್ಲದಂತೆ ಆರೋಪ ಸಾಬೀತಾಗಬೇಕು. ಎಫ್‌ಐಆರ್‌ಗೆ ಬರೀ ಮಾಹಿತಿ ಸಾಕಿತ್ತು, ಇಲ್ಲಿ ಬಲವಾದ ಅನುಮಾನವೂ ಸಾಲದು. ತಪ್ಪಿತಸ್ಥ ಎಂದಾದ ಮೇಲೆ ಶಿಕ್ಷೆಯ ಪ್ರಮಾಣದ ಬಗ್ಗೆ ಬೇರೆಯಾಗಿ ವಾದ ಕೇಳುತ್ತಾರೆ. ಸೆಷನ್ಸ್ ನ್ಯಾಯಾಲಯ ಕೊಟ್ಟ ಮರಣದಂಡನೆಗೆ ಹೈಕೋರ್ಟ್ ಒಪ್ಪಿಗೆ ಕಡ್ಡಾಯ.

ಮೇಲ್ಮನವಿ ಸಾಮಾನ್ಯವಾಗಿ ಮ್ಯಾಜಿಸ್ಟ್ರೇಟ್‌ನಿಂದ ಸೆಷನ್ಸ್‌ಗೆ, ಸೆಷನ್ಸ್‌ನಿಂದ ಹೈಕೋರ್ಟ್‌ಗೆ. ಖುಲಾಸೆಯ ವಿರುದ್ಧ ಸರ್ಕಾರ ಹೈಕೋರ್ಟಿಗೆ ಹೋಗಬೇಕಾದರೆ ಮೊದಲು ಅನುಮತಿ ಬೇಕು. ಸಂತ್ರಸ್ತರಿಗೆ ಆ ಅನುಮತಿ ಬೇಡ ಎಂದು ಕರ್ನಾಟಕದಿಂದ ಹೋದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ 2018ರಲ್ಲಿ ತೀರ್ಪು ಕೊಟ್ಟಿದೆ.