ರಣಹದ್ದುಗಳಿಗೆ ನಾಯಕ ಇರ್ತಾನಾ? ಮರಳುಗಾಡಲ್ಲಿ ಹಿಂಡಿಗೆ ಊಟ ಹುಡುಕೋದು ಯಾರು?

ಓದುಗರ ಪ್ರಶ್ನೆ: ಮಗಳು ನೋಡೋ ಕಾರ್ಟೂನಿನಲ್ಲಿ ಮರುಭೂಮಿಯ ರಣಹದ್ದುಗಳಿಗೆ ಒಬ್ಬ ನಾಯಕ ಇದ್ದಾನೆ. ಹಿಂಡು ಹಸಿದು ಕೂತಿರುತ್ತೆ, ಇವನು ಏನೇನೋ ಉಪಾಯ ಹೂಡಿ ಊಟ ಹೊಂದಿಸೋಕೆ ಒದ್ದಾಡ್ತಾನೆ. ನಿಜವಾಗಿಯೂ ರಣಹದ್ದುಗಳಲ್ಲಿ ಹಾಗೊಬ್ಬ ಯಜಮಾನ ಇರ್ತಾನಾ? ಇಲ್ಲ ಅಂದ್ರೆ ಅಷ್ಟು ದೊಡ್ಡ ಮರಳುಗಾಡಿನಲ್ಲಿ ಅವಕ್ಕೆ ಊಟ ಸಿಗೋದು ಹೇಗೆ?

ಮೊದಲ ಪ್ರಶ್ನೆಗೆ ಉತ್ತರ ಚಿಕ್ಕದು. ಇಲ್ಲ, ನಾಯಕ ಇಲ್ಲ. ಹಿಂಡಿಗೆ ಊಟ ಹುಡುಕಿಕೊಡುವ ಹೊಣೆ ಯಾವ ರಣಹದ್ದಿನ ಹೆಗಲ ಮೇಲೂ ಇಲ್ಲ. ಎರಡನೆಯದಕ್ಕೆ ಸ್ವಲ್ಪ ಜಾಸ್ತಿ ಜಾಗ ಬೇಕು. ಈ ಹಕ್ಕಿಗಳು ಬದುಕಿದ್ದು ಹೇಗೆ, ಆಮೇಲೆ ಸತ್ತಿದ್ದು ಯಾಕೆ, ಎರಡೂ ಅದರೊಳಗೇ ಇವೆ.

ಹಸಿದ ಹದ್ದಿನ ಯಜಮಾನ ನಮಗೆ ಹೊಸಬನಲ್ಲ. ರಾಮಾಯಣದ ಸಂಪಾತಿಯನ್ನೇ ನೆನಪಿಸಿಕೊಳ್ಳಿ. ರೆಕ್ಕೆ ಸುಟ್ಟುಕೊಂಡು ಬೆಟ್ಟದ ಮೇಲೆ ಕೂತ ಮುದಿ ಹದ್ದು. ಸೀತೆ ಸಿಗಲಿಲ್ಲ ಅಂತ ಸೋತ ಕಪಿಗಳು ಕಡಲ ದಡದಲ್ಲಿ ಸಾಯೋವರೆಗೆ ಉಪವಾಸ ಕೂತಾಗ ಅವನಿಗೆ ಖುಷಿ. ಒಂದೊಂದೇ ಸತ್ತ ಹಾಗೆ ತಿನ್ನಬಹುದಲ್ಲ ಅಂತ ಲೆಕ್ಕ ಹಾಕುತ್ತಾನೆ. ಆಮೇಲೆ ಅದೇ ಸಂಪಾತಿ ಕೂತಲ್ಲಿಂದಲೇ ಲಂಕೆಯಲ್ಲಿರುವ ಸೀತೆಯನ್ನು ಕಂಡು ಹೇಳುತ್ತಾನೆ. ಹದ್ದಿನ ಹಸಿವನ್ನೂ ದೂರದ ಕಣ್ಣನ್ನೂ ಆ ಕಥೆ ಸರಿಯಾಗಿ ಹಿಡಿದಿದೆ. ರಾಜನ ಪಟ್ಟ ಮಾತ್ರ ಮನುಷ್ಯರು ಕೊಟ್ಟಿದ್ದು.

ಮರುಭೂಮಿಯ ರಣಹದ್ದುಗಳನ್ನು ಹತ್ತಿರದಿಂದ ನೋಡಬೇಕು ಅಂದ್ರೆ ರಾಜಸ್ಥಾನದ ಬಿಕಾನೇರ್‌ಗೆ ಹೋಗಬೇಕು. ಊರ ಹೊರಗೆ ಜೋರ್‌ಬೀರ್ ಅಂತ ಜಾಗ. ಸುತ್ತಲಿನ ಸತ್ತ ದನ, ಒಂಟೆಗಳನ್ನು ತಂದು ಹಾಕೋದು ಅಲ್ಲೇ. ಚಳಿಗಾಲದಲ್ಲಿ ಹಿಮಾಲಯದಿಂದ, ಮಧ್ಯ ಏಷ್ಯಾದಿಂದ ರಣಹದ್ದುಗಳು ಅಲ್ಲಿಗೆ ಬಂದಿಳಿಯುತ್ತವೆ. ಒಂದು ಚಳಿಗಾಲ ನಾನು ಅಲ್ಲಿ ಎರಡು ದಿನ ಕೂತಿದ್ದೆ.

ಬೆಳಗ್ಗೆ ಏಳಕ್ಕೆ ಹೋದಾಗ ಎಲ್ಲವೂ ಸುಮ್ನೆ ಕೂತಿದ್ದವು. ಕೆಲವು ನೆಲದ ಮೇಲೆ, ಕೆಲವು ಖೇಜ್ಡಿ ಮರಗಳ ಮೇಲೆ. ನಾವು ದಸರೆಗೆ ಪೂಜೆ ಮಾಡುವ ಬನ್ನಿ ಮರವೇ ಅಲ್ಲಿನ ಖೇಜ್ಡಿ. ಎರಡು ಹಕ್ಕಿ ಎಳೆ ಬಿಸಿಲಿಗೆ ಬೆನ್ನು ಕೊಟ್ಟು, ಒಗೆದ ಕಂಬಳಿ ಹರವಿದ ಹಾಗೆ ರೆಕ್ಕೆ ಅಗಲಿಸಿಕೊಂಡಿದ್ದವು. ಸ್ವಲ್ಪ ಆಚೆ ಒಂದು ಒಂಟೆ ಬಿದ್ದಿತ್ತು. ಅದನ್ನು ಎಳೆಯುತ್ತಿದ್ದದ್ದು ನಾಯಿಗಳು. ಹದ್ದುಗಳು ಕದಲಲಿಲ್ಲ. ಸುಮಾರು ಹತ್ತು ಗಂಟೆಗೆ ಮರಳು ಕಾಯಿತು. ಒಂದು ಹಕ್ಕಿ ನಾಲ್ಕು ಹೆಜ್ಜೆ ಕುಪ್ಪಳಿಸಿ ಎದ್ದಿತು. ರೆಕ್ಕೆಯ ಸದ್ದು ಒದ್ದೆ ಬಟ್ಟೆ ಕೊಡವಿದ ಹಾಗಿತ್ತು. ಮೂರು ಸುತ್ತು ಹಾಕುವಷ್ಟರಲ್ಲಿ ರೆಕ್ಕೆ ಬಡಿಯೋದು ನಿಂತೇ ಹೋಯಿತು. ಬರೀ ತೇಲುತ್ತಾ ಮೇಲೆ ಹೋಯಿತು. ಸ್ವಲ್ಪ ಹೊತ್ತಿನಲ್ಲಿ ಚುಕ್ಕೆಯಾಯಿತು.

ಬಿಸಿಲಿಗೆ ಕಾದದ್ದಕ್ಕೆ ಕಾರಣ ಇದೆ. ಏಳೆಂಟು ಕಿಲೋ ತೂಗುವ ಹಕ್ಕಿ ರೆಕ್ಕೆ ಬಡಿದು ದಿನವಿಡೀ ಹಾರಿದರೆ ತಿಂದದ್ದೆಲ್ಲ ಹಾರಾಟಕ್ಕೇ ಖರ್ಚಾಗುತ್ತದೆ. ಅದಕ್ಕೇ ಅದು ನೆಲ ಕಾದು ಬಿಸಿಗಾಳಿ ಮೇಲೇಳುವ ತನಕ ಕಾಯುತ್ತದೆ. ಆ ಗಾಳಿಯಲ್ಲಿ ಸುತ್ತುತ್ತಾ ಮೇಲೇರಿ, ಅಲ್ಲಿಂದ ಜಾರಿಕೊಂಡು ಮುಂದಿನ ಬಿಸಿಗಾಳಿಯನ್ನು ಸೇರಿಕೊಳ್ಳುತ್ತದೆ. ಹೀಗೆ ಎಷ್ಟು ಮೇಲೆ ಹೋಗಬಲ್ಲವು ಗೊತ್ತಾ? 1973ರಲ್ಲಿ ಪಶ್ಚಿಮ ಆಫ್ರಿಕಾದ ಐವರಿ ಕೋಸ್ಟ್ ಮೇಲೆ ಒಂದು ವಿಮಾನಕ್ಕೆ ರಣಹದ್ದು ಬಡಿಯಿತು. ಆಗ ವಿಮಾನ ಇದ್ದದ್ದು 11 ಕಿಲೋಮೀಟರಿಗಿಂತ ಎತ್ತರದಲ್ಲಿ.

ಮೇಲೆ ಹೋದ ಹಕ್ಕಿ ಏನು ನೋಡುತ್ತದೆ ಅನ್ನೋದು ಈ ಪ್ರಶ್ನೆಯ ಜೀವಾಳ. ಕೆಳಗೆ ನೆಲ ನೋಡುತ್ತದೆ, ಸರಿ. ಅಷ್ಟೇ ಗಮನ ಕೊಟ್ಟು ಅದು ಪಕ್ಕದ ಆಕಾಶದಲ್ಲಿ ತೇಲುವ ಇನ್ನೊಂದು ಹದ್ದನ್ನೂ ನೋಡುತ್ತಿರುತ್ತದೆ. ಮರಳುಗಾಡಿನ ಮೇಲೆ ಅವು ದೂರ ದೂರ ಹರಡಿಕೊಂಡು ತೇಲುತ್ತವೆ. ಒಂದಕ್ಕೆ ಸತ್ತ ಪ್ರಾಣಿ ಕಂಡರೆ ಅದರ ಹಾರಾಟ ಬದಲಾಗುತ್ತದೆ. ಸುತ್ತು ಚಿಕ್ಕದಾಗುತ್ತದೆ, ಕಾಲು ಕೆಳಗೆ ಬರುತ್ತದೆ, ಆಮೇಲೆ ನೇರ ಇಳಿಯುತ್ತದೆ. ಪಕ್ಕದ ಹದ್ದು ಅದನ್ನು ಕಂಡು ಅತ್ತ ತಿರುಗುತ್ತದೆ. ಅದು ತಿರುಗಿದ್ದನ್ನು ಅದರಾಚೆಗಿನದು ಕಾಣುತ್ತದೆ. ಹಳ್ಳಿಯಲ್ಲಿ ಒಂದು ಮನೆಯವರು ಅಂಗಳದಿಂದ ಓಡಿದರೆ ಪಕ್ಕದ ಮನೆಯವರು ಎದ್ದು ಬರ್ತಾರೆ, ಅವರನ್ನು ನೋಡಿ ಹಿಂದಿನ ಬೀದಿಯವರು ಬರ್ತಾರೆ, ಅಲ್ವಾ? ಕೊನೆಗೆ ಬಂದವರಿಗೆ ಏನಾಯ್ತು ಅಂತಲೇ ಗೊತ್ತಿರಲ್ಲ, ಆದರೂ ಸರಿಯಾದ ಜಾಗಕ್ಕೇ ಬಂದಿರ್ತಾರೆ. ಖಾಲಿ ಆಕಾಶದಿಂದ ಅರ್ಧ ಗಂಟೆಯಲ್ಲಿ ಐವತ್ತು ರಣಹದ್ದು ಉದುರೋದು ಹೀಗೆ.

ಇದರಲ್ಲಿ ಯಾರೂ ಯಾರನ್ನೂ ಕರೆಯುವುದಿಲ್ಲ. ಮೊದಲು ಕಂಡ ಹಕ್ಕಿಗೆ ಹಂಚಿಕೊಳ್ಳೋ ಆಸೆಯೂ ಇರಬೇಕಿಲ್ಲ. ಆದರೆ ಬಟಾಬಯಲು ಆಕಾಶದಲ್ಲಿ ಇಳಿಯೋದನ್ನು ಬಚ್ಚಿಡೋಕೆ ಆಗಲ್ಲ. ಇವತ್ತು ಅದಕ್ಕೆ ಕಂಡದ್ದು ನಾಳೆ ಇನ್ನೊಂದಕ್ಕೆ ಕಾಣುತ್ತದೆ. ನಾಯಕ ಇಲ್ಲದೆಯೂ ಹಿಂಡಿನ ಹೊಟ್ಟೆ ತುಂಬುತ್ತದೆ.

ವಾಸನೆ ಹಿಡಿದು ಬರುತ್ತವೆ ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಅಮೆರಿಕಾ ಖಂಡದ ಕೆಲವು ಜಾತಿಯ ರಣಹದ್ದುಗಳ ಮಟ್ಟಿಗೆ ಅದು ನಿಜ. ನಮ್ಮ ಕಡೆಯವು ಕಣ್ಣನ್ನೇ ನಂಬಿದವು. ಚಾರ್ಲ್ಸ್ ಡಾರ್ವಿನ್ ದಕ್ಷಿಣ ಅಮೆರಿಕಾದ ಕಾಂಡೋರ್ ರಣಹದ್ದುಗಳ ಮೇಲೆ ಇದನ್ನು ಪರೀಕ್ಷೆ ಮಾಡಿದ್ದ. ತೋಟದಲ್ಲಿ ಸಾಲಾಗಿ ಕಟ್ಟಿದ್ದ ಹಕ್ಕಿಗಳ ಮುಂದೆ ಬಿಳಿ ಕಾಗದದಲ್ಲಿ ಸುತ್ತಿದ ಮಾಂಸ ಹಿಡಿದು ಮೂರು ಗಜ ದೂರದಲ್ಲಿ ಓಡಾಡಿದ. ಒಂದೂ ಕ್ಯಾರೆ ಅನ್ನಲಿಲ್ಲ. ಪೊಟ್ಟಣವನ್ನು ಒಂದು ಮುದಿ ಗಂಡಿನ ಹತ್ತಿರಕ್ಕೆ ಎಸೆದ. ಅದು ಒಮ್ಮೆ ನೋಡಿ ಸುಮ್ಮನಾಯಿತು. ಕೊನೆಗೆ ಕೋಲಿನಿಂದ ತಳ್ಳಿ ಕೊಕ್ಕಿಗೇ ಮುಟ್ಟಿಸಿದ. ಆಗ ಕಾಗದ ಚಿಂದಿಯಾಯಿತು. ಆ ಕ್ಷಣಕ್ಕೆ ಸಾಲಿನ ಎಲ್ಲ ಹಕ್ಕಿಗಳೂ ಹಗ್ಗ ಜಗ್ಗಿ ರೆಕ್ಕೆ ಬಡಿಯತೊಡಗಿದವು. ಈ ಕೊನೆಯದೇ ನನಗೆ ಮುಖ್ಯ ಅನಿಸೋದು. ಉಳಿದವಕ್ಕೆ ಸುದ್ದಿ ಮುಟ್ಟಿಸಿದ್ದು ಆ ಮುದಿ ಹಕ್ಕಿ ಕಾಗದಕ್ಕೆ ಬಿದ್ದ ರೀತಿ.

ರಾತ್ರಿ ತಂಗುವ ಜಾಗಕ್ಕೂ ಇದರಲ್ಲಿ ಪಾಲಿದೆ. ಇಸ್ರೇಲಿನ ನೆಗೆವ್ ಮರುಭೂಮಿಯಲ್ಲಿ ವಿಜ್ಞಾನಿಗಳು ರಣಹದ್ದುಗಳಿಗೆ ಜಿಪಿಎಸ್ ಕಟ್ಟಿ, ಯಾವುದು ಯಾರ ಹಿಂದೆ ಹೋಗುತ್ತದೆ ಅಂತ ನೋಡಿದರು. 2017ರಲ್ಲಿ ಆ ಅಧ್ಯಯನ ಪ್ರಕಟವಾಯಿತು. ಊಟ ಎಲ್ಲಿದೆ ಅಂತ ಗೊತ್ತಿಲ್ಲದ ಹಕ್ಕಿಗಳು, ಗೊತ್ತಿದ್ದವುಗಳ ಹಿಂದೆ ತಂಗುದಾಣದಿಂದಲೇ ಹೊರಟು ಊಟದ ಜಾಗ ಸೇರುತ್ತಿದ್ದವು. ಯಾರಿಗೆ ಗೊತ್ತೋ ಅವರು ಅವತ್ತಿಗೆ ಮುಂದೆ, ಅಷ್ಟೇ.

ಇಳಿದ ಮೇಲೆ ಮಾತ್ರ ದೊಡ್ಡವರು ಚಿಕ್ಕವರು ಅಂತ ಆಗುತ್ತದೆ. ಅಲ್ಲೂ ಕಾಯಂ ಯಜಮಾನ ಅಂತ ಇಲ್ಲ. ಒಂದೇ ಜಾತಿಯ ಹಕ್ಕಿಗಳ ನಡುವೆ ಜಾಸ್ತಿ ಹಸಿದದ್ದೇ ಗೆಲ್ಲೋದು ಜಾಸ್ತಿ. ಹೊಸದಾಗಿ ಬಂದ ಹಸಿದ ಹಕ್ಕಿ ರೆಕ್ಕೆ ಬಿಚ್ಚಿ, ಕತ್ತು ಚಾಚಿ, ಕಾಲು ಎತ್ತೆತ್ತಿ ಇಡುತ್ತಾ ನುಗ್ಗುತ್ತದೆ. ಹೊಟ್ಟೆ ತುಂಬಿದ್ದು ಜಾಗ ಬಿಡುತ್ತದೆ. ಕಿರುಚಾಟ, ಬುಸುಗುಟ್ಟೋದು ಎಲ್ಲ ಇದ್ದೇ ಇದೆ. ಆದರೆ ಇಳಿಹೊತ್ತಿಗೆ ತುಂಬಾ ಹಕ್ಕಿಗಳ ಗಂಟಲ ಚೀಲ ಉಬ್ಬಿರುತ್ತದೆ. ಆ ಚೀಲದಲ್ಲಿ ಒಂದು ಕಿಲೋಗೂ ಜಾಸ್ತಿ ಮಾಂಸ ಹಿಡಿಯುತ್ತದೆ. ಆಮೇಲೆ ಹಲವು ದಿನ ಏನೂ ಸಿಗದಿದ್ದರೂ ತಡೆದುಕೊಳ್ಳುತ್ತವೆ. ಕಾರ್ಟೂನಿನಲ್ಲಿ ಹಸಿದು ಕೂತ ಹಿಂಡಿನ ಚಿತ್ರ ಅಲ್ಲಿಗೆ ಸುಳ್ಳಲ್ಲ.

ಜಾತಿ ಜಾತಿಗಳ ನಡುವೆ ಕೆಲಸ ಕೊಕ್ಕಿನ ಮೇಲೆ ಹಂಚಿಹೋಗಿದೆ. ಜೋರ್‌ಬೀರ್‌ಗೆ ಬರುವ ದೊಡ್ಡ ಕಪ್ಪು ರಣಹದ್ದಿನ ಕೊಕ್ಕಿಗೆ ದಪ್ಪ ತೊಗಲು ಸೀಳುವ ಬಲ ಇದೆ. ಉದ್ದ ಕತ್ತಿನವು ಒಳಗೆ ತಲೆ ಹಾಕಿ ಮೆತ್ತಗಿನ ಮಾಂಸ ಎಳೆಯುತ್ತವೆ. ಚಿಕ್ಕ ಬಿಳಿ ರಣಹದ್ದು ಸುತ್ತ ಓಡಾಡಿ ಚೂರುಪಾರು ಹೆಕ್ಕುತ್ತದೆ. ನಮ್ಮ ದೇಶದ ಕೆಂಪುತಲೆ ರಣಹದ್ದಿಗೆ ಹಿಂದಿನವರು 'ರಾಜ ರಣಹದ್ದು' ಅಂತ ಹೆಸರಿಟ್ಟಿದ್ದರು. ನೋಡಿದರೆ ಅದು ಅಂಜುಬುರುಕ. ಹಿಂಡು ಮುತ್ತಿದ್ದರೆ ಪಕ್ಕದಲ್ಲಿ ಕಾದು, ಸಂದು ಸಿಕ್ಕಾಗ ಒಂದು ಚೂರು ಕಿತ್ತುಕೊಂಡು ಸರಿಯುತ್ತದೆ.

ಉಪಾಯದ ಬಗ್ಗೆ ಕೇಳಿದ್ದೀರಿ. ಅದಕ್ಕೆ ತಕ್ಕ ಹಕ್ಕಿ ಬಿಳಿ ರಣಹದ್ದು. ಉಷ್ಟ್ರಪಕ್ಷಿಯ ಮೊಟ್ಟೆ ಅದರ ಕೊಕ್ಕಿಗೆ ಒಡೆಯುವುದಿಲ್ಲ. ಆಗ ಅದು ಕಲ್ಲು ಹುಡುಕಿ ತಂದು, ಕೊಕ್ಕಲ್ಲಿ ಹಿಡಿದು ತಲೆ ಎತ್ತಿ, ಮೊಟ್ಟೆಯ ಮೇಲೆ ಬೀಸಿ ಎಸೆಯುತ್ತದೆ. ಗುರಿ ತಪ್ಪಿದರೆ ಮತ್ತೆ ಎತ್ತಿಕೊಳ್ಳುತ್ತದೆ. ಚಿಂಪಾಂಜಿಗಳ ಅಧ್ಯಯನಕ್ಕೆ ಹೆಸರಾದ ಜೇನ್ ಗುಡಾಲ್ ಮತ್ತು ಅವರ ಪತಿ ತಾಂಜಾನಿಯಾದಲ್ಲಿ ಇದನ್ನು ಕಂಡು 1966ರಲ್ಲಿ ಬರೆದರು. ಆದರೆ ಇಷ್ಟು ಜಾಣ ಹಕ್ಕಿಯೂ ಹಿಂಡಿಗೋಸ್ಕರ ಕಲ್ಲೆಸೆಯುವುದಿಲ್ಲ. ರಣಹದ್ದು ಇನ್ನೊಬ್ಬರಿಗೆ ಅಂತ ಊಟ ಹೊತ್ತು ತರೋದು ಮರಿಗೆ ಮಾತ್ರ. ನಮ್ಮ ಉದ್ದ ಕೊಕ್ಕಿನ ರಣಹದ್ದು ವರ್ಷಕ್ಕೆ ಒಂದೇ ಮೊಟ್ಟೆ ಇಡುತ್ತದೆ. ಅಪ್ಪ ಅಮ್ಮ ಸರದಿ ಮೇಲೆ ಹೋಗಿ, ಗಂಟಲ ಚೀಲದಲ್ಲಿ ತುಂಬಿಕೊಂಡು ಬಂದು ಮರಿಯ ಮುಂದೆ ಕಕ್ಕುತ್ತವೆ.

ಈಗ ನಾನು ನಿಜವಾಗಿ ಹೇಳಬೇಕಾದದ್ದು. ಒಬ್ಬ ಕಂಡರೆ ಎಲ್ಲರೂ ಬರುವ ಈ ಅಭ್ಯಾಸವೇ ರಣಹದ್ದುಗಳನ್ನು ಮುಗಿಸಿತು.

1990ರ ದಶಕದಲ್ಲಿ ಭರತ್‌ಪುರದ ಕೇವಲಾದೇವ್ ಉದ್ಯಾನದಲ್ಲಿ ವಿಭು ಪ್ರಕಾಶ್ ಅನ್ನೋ ವಿಜ್ಞಾನಿ ರಣಹದ್ದುಗಳು ಕತ್ತು ಜೋತು ಹಾಕಿ ಕೂತಲ್ಲೇ ಸಾಯುತ್ತಿರುವುದನ್ನು ಗಮನಿಸಿದರು. ಕಾರಣ ಸಿಗೋಕೆ ವರ್ಷಗಳೇ ಬೇಕಾದವು. 2004ರಲ್ಲಿ ಪಾಕಿಸ್ತಾನದಲ್ಲಿ ಸತ್ತ ಹಕ್ಕಿಗಳನ್ನು ಕೊಯ್ದು ನೋಡಿದ ವಿಜ್ಞಾನಿಗಳು ಉತ್ತರ ಕೊಟ್ಟರು: ಡೈಕ್ಲೋಫೆನಾಕ್. ದನಕ್ಕೆ ಜ್ವರ, ಕಾಲುನೋವು ಬಂದರೆ ಕೊಡುತ್ತಿದ್ದ ಅಗ್ಗದ ಇಂಜೆಕ್ಷನ್. ಇಂಜೆಕ್ಷನ್ ಕೊಟ್ಟ ಒಂದೆರಡು ದಿನದಲ್ಲಿ ದನ ಸತ್ತರೆ ಮಾಂಸದಲ್ಲಿ ಔಷಧಿ ಉಳಿದಿರುತ್ತದೆ. ಅದನ್ನು ತಿಂದ ರಣಹದ್ದಿನ ಮೂತ್ರಪಿಂಡ ಕೆಲವೇ ದಿನಗಳಲ್ಲಿ ಕೆಲಸ ನಿಲ್ಲಿಸುತ್ತದೆ. ಒಳಗಿನ ಅಂಗಗಳ ಮೇಲೆಲ್ಲ ಸುಣ್ಣ ಬಳಿದ ಹಾಗೆ ಬಿಳಿ ಪುಡಿ ಕೂರುತ್ತದೆ.

ನೂರು ಕಳೇಬರಗಳಲ್ಲಿ ಒಂದಕ್ಕಿಂತ ಕಡಿಮೆಯಲ್ಲಿ ಈ ಔಷಧಿ ಇದ್ದರೂ ಸಾಕು, ಇಡೀ ಜಾತಿ ಕುಸಿಯುತ್ತದೆ ಅಂತ ಲೆಕ್ಕ ಹಾಕಿ ತೋರಿಸಿದರು. ಒಂದು ದನದ ಮೇಲೆ ಇಳಿಯೋದು ಇಡೀ ಆಕಾಶದ ಹದ್ದುಗಳಲ್ವಾ! 1992ರಿಂದ 2007ರ ನಡುವೆ ಭಾರತದಲ್ಲಿ ಬಿಳಿ ಬೆನ್ನಿನ ರಣಹದ್ದುಗಳು ಶೇಕಡಾ 99.9ರಷ್ಟು ಕಡಿಮೆಯಾದವು. ಅಂದರೆ ಸಾವಿರ ಇದ್ದಲ್ಲಿ ಒಂದು. ಉದ್ದ ಕೊಕ್ಕಿನವು ಶೇಕಡಾ 97ರಷ್ಟು ಹೋದವು.

ಉಳಿದವುಗಳ ಪಾಡು ಯೋಚನೆ ಮಾಡಿ. ಪಕ್ಕದ ಆಕಾಶ ಖಾಲಿ. ಮೊದಲು ಐವತ್ತು ಜೊತೆ ಕಣ್ಣು ಹುಡುಕುತ್ತಿದ್ದ ಜಾಗವನ್ನು ಈಗ ಒಂದೇ ಜೊತೆ ಹುಡುಕಬೇಕು. ಆಚೆ ಬಯಲಲ್ಲಿ ಸತ್ತ ದನ ಇದ್ದರೂ ಹೇಳೋಕೆ ಯಾರಿಲ್ಲ. ಅಷ್ಟರಲ್ಲಿ ನಾಯಿಗಳು ಬಂದಿರುತ್ತವೆ. ರಣಹದ್ದು ಹೋದ ಕಡೆ ನಾಯಿ ಹೆಚ್ಚಿದವು, ಕೊಳೆತದ್ದು ನೀರಿಗೂ ಸೇರಿತು. ಇದರಿಂದಾಗಿ 2000ದಿಂದ 2005ರವರೆಗೆ ದೇಶದಲ್ಲಿ ಸುಮಾರು 5 ಲಕ್ಷ ಜನ ಹೆಚ್ಚಾಗಿ ಸತ್ತರು ಅಂತ ಇಬ್ಬರು ಅರ್ಥಶಾಸ್ತ್ರಜ್ಞರು 2024ರಲ್ಲಿ ಪ್ರಕಟಿಸಿದ ಅಧ್ಯಯನ ಅಂದಾಜು ಮಾಡಿದೆ.

ನಮ್ಮಲ್ಲೂ ಇದನ್ನು ಕಣ್ಣಾರೆ ನೋಡಬಹುದು. ರಾಮನಗರದ ರಾಮದೇವರ ಬೆಟ್ಟವನ್ನು 2012ರಲ್ಲಿ ರಣಹದ್ದು ಧಾಮ ಅಂತ ಘೋಷಿಸಿದರು. ಬಂಡೆಯ ಮೇಲೆ ಸುಣ್ಣ ಸುರಿದ ಹಾಗೆ ಹಿಕ್ಕೆಯ ಬಿಳಿ ಪಟ್ಟೆಗಳಿವೆ. ನಾನು ಹೋದ ದಿನ ಮಧ್ಯಾಹ್ನದವರೆಗೆ ಕಾದಿದ್ದಕ್ಕೆ ಒಂದು ಉದ್ದ ಕೊಕ್ಕಿನ ರಣಹದ್ದು ಕಂಡಿತು. ಬೆಟ್ಟದ ಮೇಲೆ ಎರಡು ಸುತ್ತು ಹಾಕಿ ಮಾಗಡಿ ಕಡೆಗೆ ತೇಲಿತು. ಅದು ಹೋದ ದಿಕ್ಕಿನಲ್ಲಿ ಬೇರೆ ಹದ್ದು ಇದೆಯಾ ಅಂತ ದುರ್ಬೀನು ಹಿಡಿದು ತುಂಬಾ ಹೊತ್ತು ಹುಡುಕಿದೆ. ಕಾಣಲಿಲ್ಲ.

ದನಗಳಿಗೆ ಡೈಕ್ಲೋಫೆನಾಕ್ ಕೊಡೋದನ್ನು ಸರ್ಕಾರ 2006ರಲ್ಲೇ ತಡೆಯಿತು. ಮನುಷ್ಯರಿಗೆ ಅಂತ ಮಾರುವ ದೊಡ್ಡ ಬಾಟಲಿ ಕೊಟ್ಟಿಗೆಗೆ ಬರುತ್ತಿತ್ತು. ಅದಕ್ಕೆ 2015ರಲ್ಲಿ ಇಂಜೆಕ್ಷನ್ ಬಾಟಲಿಯನ್ನು 3 ಮಿಲಿಲೀಟರಿಗೆ ಇಳಿಸಿದರು. ಇದೇ ಥರದ ನೋವಿನ ಔಷಧಿಗಳಾದ ಕೀಟೋಪ್ರೊಫೆನ್, ಅಸೆಕ್ಲೋಫೆನಾಕ್ 2023ರಲ್ಲಿ, 2024ರ ಕೊನೆಯಲ್ಲಿ ನಿಮೆಸುಲೈಡ್ ಕೂಡ ಪ್ರಾಣಿಗಳಿಗೆ ನಿಷೇಧವಾದವು.

ನಿಮ್ಮ ಮನೆಯಲ್ಲೋ ನೆಂಟರ ಮನೆಯಲ್ಲೋ ದನ ಇದ್ದರೆ ಒಂದು ಕೆಲಸ ಮಾಡಿ. ದನದ ಡಾಕ್ಟರು ನೋವಿಗೆ ಇಂಜೆಕ್ಷನ್ ಕೊಡುವಾಗ ಯಾವುದು ಅಂತ ಕೇಳಿ. ಮೆಲಾಕ್ಸಿಕಾಮ್ ಕೊಡಿ ಸಾರ್ ಅಂತ ಹೇಳಿ. ಅದು ರಣಹದ್ದಿಗೆ ಅಪಾಯ ಮಾಡಲ್ಲ ಅಂತ ಪರೀಕ್ಷೆ ಮಾಡಿ ನೋಡಿದ್ದಾರೆ, ಬೆಲೆಯೂ ದುಬಾರಿಯಲ್ಲ. ಬೇರೆ ನೋವಿನ ಔಷಧಿ ಬಿದ್ದ ಮೇಲೆ ದನ ಉಳಿಯದೇ ಹೋದರೆ, ಅದನ್ನು ಬಯಲಿಗೆ ಎಳೆಸಬೇಡಿ, ಗುಂಡಿ ತೋಡಿ ಹೂಳಿಸಿ.