ಒಲೆಯ ಮುಂದೆ ಕಳೆದ ತಾಸುಗಳ ಲೆಕ್ಕ

"ಬೀಡಿ ಸೇದ್ತೀರೇನಮ್ಮಾ?" ಎಂದು ಕೇಳಿದ್ದೇ ತಡ, ಜೊತೆಗೆ ಬಂದಿದ್ದ ಮಗನ ಮುಖ ಕೆಂಪಾಯಿತು. "ನಮ್ಮವ್ವ ಎಲೆಅಡಿಕೆ ಸೈತ ಹಾಕಲ್ಲ ಸಾರ್. ಬೀಡಿ ಅಂತೀರಲ್ಲ!"

ಜಗಳೂರು ಕಡೆಯ ಹಳ್ಳಿಯವರು. ತಾಯಿಗೆ ಐವತ್ತೆಂಟು. ದಾವಣಗೆರೆ ಬಸ್‌ಸ್ಟ್ಯಾಂಡಿನಿಂದ ನನ್ನ ಕ್ಲಿನಿಕ್ಕಿಗೆ ನಡೆದು ಬರುವಷ್ಟರಲ್ಲಿ ಮೂರು ಕಡೆ ನಿಂತು ಸುಧಾರಿಸಿಕೊಂಡಿದ್ದರಂತೆ. ಕುರ್ಚಿಯಲ್ಲಿ ಕೂತ ಮೇಲೂ ಎರಡು ಕೈಯನ್ನು ಮೊಣಕಾಲಿಗೆ ಊರಿ, ತುಟಿ ಸಣ್ಣಗೆ ಮಾಡಿಕೊಂಡು, ದೀಪ ಆರಿಸುವವರ ಹಾಗೆ ಉಸಿರು ಬಿಡುತ್ತಿದ್ದರು. ಇದನ್ನು ಯಾರೂ ಅವರಿಗೆ ಹೇಳಿಕೊಟ್ಟಿಲ್ಲ. ಗಾಳಿ ಒಳಗೇ ಸಿಕ್ಕಿಕೊಂಡವರು ತಾವೇ ಕಂಡುಕೊಳ್ಳುವ ಉಪಾಯ ಅದು. ಬಾಗಿಲಲ್ಲಿ ಆ ತುಟಿ ಕಂಡರೆ ಸಾಕು, ಅರ್ಧ ರೋಗನಿದಾನ ಆದಂತೆ.

ಮಗ ಪ್ಲಾಸ್ಟಿಕ್ ಚೀಲದಿಂದ ಹಳೆಯ ಚೀಟಿಗಳನ್ನು ಮೇಜಿನ ಮೇಲೆ ಸುರಿದ. ಒಂದು ಕಡೆ ಅಸ್ತಮಾ ಎಂದು ಬರೆದಿದ್ದರು. ಇನ್ನೊಂದು ಕಡೆ, ಕಫದಲ್ಲಿ ಕ್ಷಯದ ಕ್ರಿಮಿ ಸಿಗದಿದ್ದರೂ ಎಕ್ಸ್‌ರೇ ನೋಡಿ ಆರು ತಿಂಗಳು ಟಿಬಿ ಮಾತ್ರೆ ಕೊಟ್ಟಿದ್ದರು. ಕೊನೆಗೆ ಯಾರೋ ಸರಿಯಾಗಿಯೇ ಹೀರುವ ಔಷಧಿ ಬರೆದಿದ್ದರು, ರೋಟಾಕ್ಯಾಪ್. ಅದನ್ನು ಆಕೆ ಮೂರು ತಿಂಗಳು ನೀರಿನ ಜೊತೆ ನುಂಗಿದ್ದರು. ಯಂತ್ರದೊಳಗಿಟ್ಟು ತಿರುಗಿಸಿ ಎಳೆದುಕೊಳ್ಳಬೇಕು ಎಂದು ತೋರಿಸಿದವರಿಲ್ಲ. ಗುಳಿಗೆಯ ಆಕಾರದಲ್ಲಿದ್ದದ್ದನ್ನು ಗುಳಿಗೆಯಂತೆ ನುಂಗಿದರೆ ತಪ್ಪು ಅವರದಲ್ಲ.

ಆಮೇಲೆ ನಾನು ಎರಡನೆಯ ಪ್ರಶ್ನೆ ಕೇಳಿದೆ. ಅದನ್ನೇ ಮೊದಲು ಕೇಳಬೇಕಿತ್ತು. "ಒಲೆ ಮುಂದೆ ದಿನಕ್ಕೆ ಎಷ್ಟು ತಾಸು ಕೂರ್ತಿದ್ರಿ?"

"ಬೆಳಿಗ್ಗೆ ನೀರೊಲೆ, ಆಮೇಲೆ ರೊಟ್ಟಿ, ಸಂಜಿಗೆ ಮುದ್ದಿ, ಸಾರು... ನಾಕು ತಾಸು ಆಗ್ತಿತ್ತೇನೋ ಸಾರ್. ಮದುವಿ ಆಗಿ ಬಂದಾಗ್ಲಿಂದ." ಅಂದರೆ ಮೂವತ್ತೆಂಟು ವರ್ಷ. ಜಾಲಿ ಕಟ್ಟಿಗೆ, ಹತ್ತಿ ಕಟ್ಟಿಗೆ, ಕುಳ್ಳು, ಕಾಳು ಬಿಡಿಸಿದ ಮೆಕ್ಕೆಜೋಳದ ತೆನೆ, ಯಾವುದು ಸಿಕ್ಕರೆ ಅದು. ಆರು ವರ್ಷದಿಂದ ಮನೆಯಲ್ಲಿ ಗ್ಯಾಸ್ ಇದೆ. ಅದರ ಮೇಲೆ ಚಹಾ ಮಾಡುತ್ತಾರೆ.

ನಾಲ್ಕನ್ನು ಮೂವತ್ತೆಂಟರಿಂದ ಗುಣಿಸಿ ಚೀಟಿಯ ಮೇಲೆ 152 ಎಂದು ಬರೆದುಕೊಂಡೆ.

ಈ ಗುಣಾಕಾರ ನನ್ನದಲ್ಲ. ದಿನಕ್ಕೆ ಎಷ್ಟು ಗಂಟೆ, ಎಷ್ಟು ವರ್ಷ, ಇವೆರಡನ್ನು ಗುಣಿಸಿದರೆ ಒಬ್ಬರು ಒಲೆಯ ಹೊಗೆ ಎಷ್ಟು ಕುಡಿದಿದ್ದಾರೆ ಎಂಬ ಅಂದಾಜು ಸಿಗುತ್ತದೆ. ಮೈಸೂರಿನ ಜೆಎಸ್‌ಎಸ್ ವೈದ್ಯಕೀಯ ಕಾಲೇಜಿನ ಸಂಶೋಧಕರು ಮೈಸೂರು ಜಿಲ್ಲೆಯ ಹಳ್ಳಿಗಳ ಹೆಣ್ಣುಮಕ್ಕಳಲ್ಲಿ ಈ ಲೆಕ್ಕ ಹಾಕಿ ನೋಡಿ 2013ರಲ್ಲಿ ಪ್ರಕಟಿಸಿದರು. ಅಂಕ 60 ಮುಟ್ಟಿದ ಮೇಲೆ ದೀರ್ಘಕಾಲದ ಕಫದ ಕೆಮ್ಮಿನ ಅಪಾಯ ಎದ್ದು ಕಾಣುವಷ್ಟು ಏರುತ್ತದೆ ಎಂಬುದು ಅವರಿಗೆ ಸಿಕ್ಕ ಉತ್ತರ. ದಿನಕ್ಕೆ ಮೂರು ತಾಸಿನಂತೆ ಇಪ್ಪತ್ತು ವರ್ಷ ಅಡುಗೆ ಮಾಡಿದರೆ 60. ನಮ್ಮ ಕಡೆ ಹದಿನೆಂಟಕ್ಕೆ ಮದುವೆಯಾಗಿ ಬಂದ ಹೆಣ್ಣುಮಗಳು ನಲವತ್ತು ದಾಟುವ ಮೊದಲೇ ಆ ಗೆರೆ ದಾಟಿರುತ್ತಾಳೆ. ಇಷ್ಟು ಸುಲಭದ, ಇಷ್ಟು ಉಪಯುಕ್ತವಾದ ಲೆಕ್ಕ ನಮ್ಮದೇ ರಾಜ್ಯದ ಹಳ್ಳಿಗಳಿಂದ ಬಂದದ್ದು. ಆದರೂ ಎಷ್ಟು ಆಸ್ಪತ್ರೆಗಳ ಕೇಸ್‌ಶೀಟಿನಲ್ಲಿ ಇದಕ್ಕೊಂದು ಜಾಗವಿದೆ? ಬೀಡಿ-ಸಿಗರೇಟಿಗೆ ಮಾತ್ರ ಖಂಡಿತ ಇರುತ್ತದೆ.

ಅವರಿಗೆ ಊದುವ ಪರೀಕ್ಷೆ ಮಾಡಿಸಿದೆವು, ಸ್ಪೈರೊಮೆಟ್ರಿ. ಪೂರ್ತಿ ಉಸಿರು ಎಳೆದು ಜೋರಾಗಿ ಊದಬೇಕು. ಮೊದಲ ಒಂದು ಸೆಕೆಂಡಿನಲ್ಲಿ ಹೊರಬಂದ ಗಾಳಿ ಒಟ್ಟು ಗಾಳಿಯ ಶೇ 70ಕ್ಕಿಂತ ಕಡಿಮೆ ಇದ್ದು, ಶ್ವಾಸನಾಳ ಸಡಿಲಿಸುವ ಔಷಧಿ ಕೊಟ್ಟ ಮೇಲೂ ಹಾಗೇ ಉಳಿದರೆ ಸಿಒಪಿಡಿ, ಅಂದರೆ ಗಾಳಿ ಹೊರಹೋಗಲು ಸದಾ ಅಡ್ಡಿಯಾಗುವ ದೀರ್ಘಕಾಲದ ಶ್ವಾಸಕೋಶದ ಕಾಯಿಲೆ. ಟೆಕ್ನಿಷಿಯನ್ ಹುಡುಗಿ "ಊದ್ರಿ ಅಜ್ಜಿ, ಊದ್ರಿ, ಇನ್ನೂ ಇನ್ನೂ" ಎನ್ನುತ್ತಿದ್ದಳು. ಆಕೆ ಕೊಳವೆಯನ್ನು ಬಾಯಿಗಿಟ್ಟುಕೊಂಡ ರೀತಿ ನೋಡಿ ನನಗೆ ಹೊಟ್ಟೆಯಲ್ಲಿ ಏನೋ ಆಯಿತು. ಊದುಗೊಳವೆ ಹಿಡಿದಂತೆಯೇ ಹಿಡಿದಿದ್ದರು, ಎಡಗೈ ಕೆಳಗೆ, ಬಲಗೈ ತುಟಿಯ ಹತ್ತಿರ. ಮೂವತ್ತೆಂಟು ವರ್ಷ ಒಲೆ ಊದಿದ ಕೈ. ಮೊದಲ ಸೆಕೆಂಡಿನ ಗಾಳಿ ಶೇ 52.

ಸಿಒಪಿಡಿ ಎಂದರೆ ಸೇದುವ ಗಂಡಸರ ಕಾಯಿಲೆ ಎಂದು ನಾವು ಓದಿದ್ದು. ನಾನೂ ವರ್ಷಾನುಗಟ್ಟಲೆ ಹೆಂಗಸರ ಕೆಮ್ಮಿಗೆ ಅಸ್ತಮಾ ಎಂದು ಬರೆದು ಕಳಿಸಿದ್ದೇನೆ, ಆ ಚೀಟಿಗಳು ನೆನಪಾದರೆ ನೋವಾಗುತ್ತದೆ. ಭಾರತದ ರೋಗಭಾರದ ಬಗ್ಗೆ 2018ರಲ್ಲಿ ಲ್ಯಾನ್ಸೆಟ್ ಗ್ಲೋಬಲ್ ಹೆಲ್ತ್‌ನಲ್ಲಿ ಬಂದ ಅಧ್ಯಯನದ ಅಂದಾಜಿನಂತೆ, 2016ರಲ್ಲಿ ದೇಶದಲ್ಲಿ ಸಿಒಪಿಡಿ ಇದ್ದವರು ಸುಮಾರು 5.5 ಕೋಟಿ. ಅದರಿಂದಾದ ಒಟ್ಟು ಹಾನಿಯಲ್ಲಿ ಶೇ 53.7ರಷ್ಟು ಮನೆಯೊಳಗಿನ ಮತ್ತು ಹೊರಗಿನ ವಾಯುಮಾಲಿನ್ಯದ ಪಾಲು, ತಂಬಾಕಿನದು ಶೇ 25.4. ತಂಬಾಕಿಗಿಂತ ಎರಡು ಪಟ್ಟು! ಗೋಲ್ಡ್ ಎಂಬ ಅಂತರರಾಷ್ಟ್ರೀಯ ತಜ್ಞರ ಕೂಟವೂ 2023ರ ವರದಿಯಲ್ಲಿ ಈ ಕಾಯಿಲೆಯನ್ನು ಕಾರಣಕ್ಕೆ ತಕ್ಕಂತೆ ಬೇರೆಬೇರೆ ಹೆಸರಿನಲ್ಲಿ ಗುರುತಿಸಲು ಹೇಳಿತು. ಧೂಮಪಾನದ್ದು ಒಂದು, ಸೌದೆ ಹೊಗೆ-ಮಾಲಿನ್ಯದ್ದು ಇನ್ನೊಂದು, ಸೋಂಕಿನ ನಂತರ ಬಂದದ್ದು, ವಂಶವಾಹಿಯಿಂದ ಬಂದದ್ದು, ಎಳವೆಯಲ್ಲೇ ಶ್ವಾಸಕೋಶ ಪೂರ್ತಿ ಬೆಳೆಯದೆ ಬಂದದ್ದು, ಹೀಗೆ.

ಕೊನೆಯದರ ಬಗ್ಗೆ ಒಂದು ಮಾತು ಹೇಳಲೇಬೇಕು. ಶ್ವಾಸಕೋಶದ ಶಕ್ತಿ ಇಪ್ಪತ್ತರಿಂದ ಇಪ್ಪತ್ತೈದರ ವಯಸ್ಸಿನಲ್ಲಿ ತುದಿ ಮುಟ್ಟಿ ಆಮೇಲೆ ಎಲ್ಲರಲ್ಲೂ ನಿಧಾನಕ್ಕೆ ಇಳಿಯುತ್ತದೆ. ಸಿಒಪಿಡಿ ಬಂದವರಲ್ಲಿ ಅದು ಬೇಗಬೇಗ ಇಳಿದಿರುತ್ತದೆ ಎಂಬುದು ಹಳೆಯ ತಿಳಿವಳಿಕೆ. 2015ರಲ್ಲಿ ಅಮೆರಿಕ ಮತ್ತು ಡೆನ್ಮಾರ್ಕಿನ ದೀರ್ಘಕಾಲದ ದಾಖಲೆಗಳನ್ನು ಒಟ್ಟಿಗೆ ನೋಡಿದಾಗ, ರೋಗಿಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನರಿಗೆ ಯೌವನದಲ್ಲೇ ಶಕ್ತಿ ಕಡಿಮೆ ಇತ್ತು, ಇಳಿದದ್ದು ಎಲ್ಲರಂತೆಯೇ ಎಂದು ಗೊತ್ತಾಯಿತು. ಕಂಕುಳಲ್ಲಿ ಕೂಸನ್ನಿಟ್ಟುಕೊಂಡು ರೊಟ್ಟಿ ಬಡಿಯುವ ತಾಯಂದಿರನ್ನು ನೋಡಿದಾಗಲೆಲ್ಲ ನನಗೆ ಈ ಅಧ್ಯಯನ ಕಣ್ಣ ಮುಂದೆ ಬರುತ್ತದೆ.

ಸೌದೆ ಹೊಗೆಯ ಸಿಒಪಿಡಿ ಬೀಡಿಯ ಸಿಒಪಿಡಿಯ ತದ್ರೂಪವೂ ಅಲ್ಲ. ಮೆಕ್ಸಿಕೋದ ವೈದ್ಯರು ಇದನ್ನು ತುಂಬಾ ಶ್ರದ್ಧೆಯಿಂದ ಅಭ್ಯಾಸ ಮಾಡಿದ್ದಾರೆ, ಅಲ್ಲಿಯೂ ಹಳ್ಳಿಯ ಹೆಂಗಸರು ಒಲೆಯ ಮುಂದೆಯೇ ಬದುಕು ಕಳೆದವರು. ಸೇದುವವರಲ್ಲಿ ಗಾಳಿಗೂಡುಗಳೇ ಹರಿದು ದೊಡ್ಡ ಪೊಳ್ಳಾಗುವುದು ಹೆಚ್ಚು. ಒಲೆಯವರಲ್ಲಿ ಸಣ್ಣ ಸಣ್ಣ ಶ್ವಾಸನಾಳಗಳು ದಪ್ಪಗಾಗಿ, ಕಲೆಗಟ್ಟಿ, ಕಿರಿದಾಗುವುದು ಹೆಚ್ಚು. ಒಲೆಯವರಲ್ಲಿ ಶಕ್ತಿ ಇಳಿಯುವ ವೇಗ ಸರಾಸರಿಯಲ್ಲಿ ನಿಧಾನ ಎಂದೂ ಅವರು ವರ್ಷಗಟ್ಟಲೆ ಜಾಡು ಹಿಡಿದು ತೋರಿಸಿದ್ದಾರೆ. ಇದು ರೋಗಿಗೆ ಧೈರ್ಯ ಹೇಳಲು ನನಗೆ ಸಿಕ್ಕ ಗಟ್ಟಿ ಆಧಾರ.

ಇಂಥವರಲ್ಲಿ ಕೆಲವರಿಗೆ ಬೇರೆ ಕಾರಣಕ್ಕಾಗಿ ಬ್ರಾಂಕೋಸ್ಕೋಪಿ ಮಾಡಬೇಕಾಗುತ್ತದೆ. ತೆಳುವಾದ ನಳಿಕೆಯ ತುದಿಯ ಕ್ಯಾಮೆರಾ ಗಂಟಲು ದಾಟಿ ಒಳಗಿಳಿಯುತ್ತದೆ. ಆರೋಗ್ಯವಂತರ ಶ್ವಾಸನಾಳ ಒಳಗಿನಿಂದ ತಿಳಿಗುಲಾಬಿ, ಒದ್ದೆಯಾಗಿ ಹೊಳೆಯುತ್ತದೆ. ಒಲೆಯ ಮುಂದೆ ಬಾಳಿದವರಲ್ಲಿ ನಾಳ ಕವಲೊಡೆಯುವ ಜಾಗದಲ್ಲಿ ಕಪ್ಪು ಮಚ್ಚೆಗಳು, ಅದರಾಚೆ ಸೊಟ್ಟಗೆ ಮುದುಡಿ ಕಿರಿದಾದ ದಾರಿ. ಮಚ್ಚೆಯನ್ನು ನೀರು ಬಿಟ್ಟು ತೊಳೆದರೂ ಹೋಗುವುದಿಲ್ಲ, ಅದು ಪೊರೆಯ ಒಳಗೇ ಇಳಿದಿರುತ್ತದೆ. ಎಕ್ಸ್‌ರೇಯಲ್ಲಿ ಇದು ಟಿಬಿಯಂತೆಯೂ ಗಡ್ಡೆಯಂತೆಯೂ ಕಂಡು ಮೋಸ ಮಾಡುತ್ತದೆ. ಕೆಲವರಲ್ಲಿ ಟಿಬಿ ನಿಜವಾಗಿಯೂ ಜೊತೆಗಿರುತ್ತದೆ, ಹಾಗಾಗಿ ಪರೀಕ್ಷಿಸದೆ ಬಿಡುವಂತೆಯೂ ಇಲ್ಲ. ನಮ್ಮ ಅಜ್ಜಿಯಂದಿರು ಪಾತ್ರೆಗೆ ಮಸಿ ಹತ್ತಬಾರದೆಂದು ತಳಕ್ಕೆ ಬೂದಿ ಬಳಿದು ಒಲೆಗೆ ಇಡುತ್ತಿದ್ದರು. ಎದೆಗೆ ಬಳಿಯಲು ಏನೂ ಇರಲಿಲ್ಲ.

ಈಗ ಹೊಸ ಔಷಧಿಗಳ ವಿಷಯ. ಮೊಬೈಲಿನಲ್ಲಿ ಸುದ್ದಿ ಓದಿಕೊಂಡು ಬಂದು "ಅದೇನೋ ಇಂಜೆಕ್ಷನ್ ಬಂದೈತಂತಲ್ಲ ಸಾರ್" ಎಂದು ಕೇಳುವ ಮಕ್ಕಳು ಹೆಚ್ಚಾಗಿದ್ದಾರೆ. ಬಂದಿರುವುದು ನಿಜ. ಡ್ಯುಪಿಲುಮ್ಯಾಬ್ ಎಂಬ, ಹದಿನೈದು ದಿನಕ್ಕೊಮ್ಮೆ ಚರ್ಮದಡಿ ಕೊಡುವ ಚುಚ್ಚುಮದ್ದಿನ ಬೋರಿಯಾಸ್ ಪ್ರಯೋಗ 2023ರಲ್ಲಿ, ನೋಟಸ್ ಪ್ರಯೋಗ 2024ರಲ್ಲಿ ಪ್ರಕಟವಾದವು. ಮೂರು ಬಗೆಯ ಹೀರುವ ಔಷಧಿ ತೆಗೆದುಕೊಳ್ಳುತ್ತಿದ್ದರೂ ಕಾಯಿಲೆ ಮತ್ತೆ ಮತ್ತೆ ಉಲ್ಬಣಿಸುತ್ತಿದ್ದವರಲ್ಲಿ ಆ ಉಲ್ಬಣ ಮೊದಲನೆಯದರಲ್ಲಿ ಶೇ 30, ಎರಡನೆಯದರಲ್ಲಿ ಶೇ 34 ಕಡಿಮೆಯಾಯಿತು. 2024ರ ಸೆಪ್ಟೆಂಬರಿನಲ್ಲಿ ಅಮೆರಿಕದ ಔಷಧ ನಿಯಂತ್ರಕರು ಸಿಒಪಿಡಿಗೆ ಇದನ್ನು ಒಪ್ಪಿದರು. 2025ರ ಮೇನಲ್ಲಿ ಮೆಪೊಲಿಜುಮ್ಯಾಬ್ ಎಂಬ ಇನ್ನೊಂದು ಚುಚ್ಚುಮದ್ದಿಗೂ ಒಪ್ಪಿಗೆ ಸಿಕ್ಕಿತು. ದಶಕಗಳ ನಂತರ ಈ ಕಾಯಿಲೆಗೆ ಹೊಸ ದಾರಿ ತೆರೆದದ್ದು ನನಗೆ ನಿಜಕ್ಕೂ ಸಂತೋಷದ ವಿಷಯ.

ಆದರೆ ಬೋರಿಯಾಸ್ ಮತ್ತು ನೋಟಸ್‌ಗೆ ಯಾರನ್ನು ಸೇರಿಸಿಕೊಂಡರು ಎಂದು ನೋಡಬೇಕು. ರಕ್ತದಲ್ಲಿ ಇಯೊಸಿನೊಫಿಲ್ ಎಂಬ ಬಿಳಿ ಕಣ ಮೈಕ್ರೋಲೀಟರಿಗೆ 300 ಅಥವಾ ಹೆಚ್ಚಿರಬೇಕು. ಜೊತೆಗೆ, ದಿನಕ್ಕೊಂದು ಪ್ಯಾಕ್‌ನಂತೆ ಕನಿಷ್ಠ ಹತ್ತು ವರ್ಷಕ್ಕೆ ಸಮನಾಗುವಷ್ಟು ಸಿಗರೇಟು ಸೇದಿರಬೇಕು. ಜಗಳೂರಿನ ಆ ತಾಯಿ 152 ಅಂಕ ಹೊತ್ತುಕೊಂಡು ಹೋಗಿದ್ದರೂ ಆ ಪ್ರಯೋಗದ ಬಾಗಿಲಲ್ಲೇ ವಾಪಸ್ ಬರಬೇಕಿತ್ತು. ಒಲೆಯ ಹೊಗೆಯವರಿಗೆ ಈ ಮದ್ದು ಎಷ್ಟು ಹಿಡಿಸುತ್ತದೆ ಎಂಬ ಉತ್ತರ ಈ ಎರಡು ಪ್ರಯೋಗಗಳಲ್ಲಿ ಸಿಗುವುದಿಲ್ಲ. ಕಾಯಿಲೆಯ ಅರ್ಧಕ್ಕಿಂತ ಹೆಚ್ಚು ಭಾರ ಮಾಲಿನ್ಯದ್ದಾಗಿರುವ ದೇಶದಲ್ಲಿ ನಮ್ಮ ಹೆಣ್ಣುಮಕ್ಕಳ ಮೇಲೇ ನಡೆಯುವ ಪ್ರಯೋಗಗಳು ಬೇಕು ಎಂದು ನಾನು ಸಭೆ ಸಭೆಯಲ್ಲೂ ಕೇಳುತ್ತಿರುವುದು ಇದಕ್ಕೇ.

ಹಾಗೆಂದು ಆ ಸಂಶೋಧನೆಯಿಂದ ನಮಗೆ ಲಾಭವಿಲ್ಲ ಎನ್ನಲಾರೆ. ಇಯೊಸಿನೊಫಿಲ್ ಲೆಕ್ಕಕ್ಕೆ ದುಬಾರಿ ಯಂತ್ರ ಬೇಕಿಲ್ಲ, ಸಾಧಾರಣ ರಕ್ತಪರೀಕ್ಷೆ ಸಾಕು, ತಾಲ್ಲೂಕಿನಲ್ಲೂ ಆಗುತ್ತದೆ. ಪದೇಪದೇ ಉಲ್ಬಣಿಸುವವರಲ್ಲಿ ಎಣಿಕೆ 300 ದಾಟಿದ್ದರೆ ಹೀರುವ ಸ್ಟೀರಾಯ್ಡ್ ಚೆನ್ನಾಗಿ ಕೆಲಸ ಮಾಡುವ ಸಂಭವ ಹೆಚ್ಚು. 100ಕ್ಕಿಂತ ಕಡಿಮೆ ಇದ್ದರೆ ಪ್ರಯೋಜನ ಕಡಿಮೆ, ನ್ಯುಮೋನಿಯಾದ ಅಪಾಯವೇ ಜಾಸ್ತಿ. ಎಲ್ಲರಿಗೂ ಕಣ್ಣುಮುಚ್ಚಿ ಸ್ಟೀರಾಯ್ಡ್ ಬರೆಯುವ ರೂಢಿಗೆ ಇದೊಂದು ತಡೆ. ನಮ್ಮ ಕಡೆ ಒಂದು ಎಚ್ಚರ ಬೇಕು. ಹೊಟ್ಟೆಯಲ್ಲಿ ಜಂತುಹುಳವಿದ್ದರೂ ಈ ಕಣ ಏರುತ್ತದೆ. ಅಂಥ ಅನುಮಾನವಿದ್ದರೆ ನಾನು ಮೊದಲು ಹುಳದ ಮಾತ್ರೆ ಕೊಟ್ಟು, ಕೆಲವು ವಾರ ಬಿಟ್ಟು ಮತ್ತೆ ಎಣಿಸುತ್ತೇನೆ.

ಆಕ್ಸಿಜನ್ ಬಗ್ಗೆಯೂ ಕೇಳುತ್ತಾರೆ. ಕೋವಿಡ್ ಕಾಲದಲ್ಲಿ ತಂದಿಟ್ಟ ಕಾನ್ಸಂಟ್ರೇಟರ್ ಎಷ್ಟೋ ಮನೆಗಳಲ್ಲಿದೆ. ಬೆರಳಿಗೆ ಹಾಕುವ ಮೀಟರಿನಲ್ಲಿ ಆರಾಮಾಗಿ ಕೂತಾಗ 88 ಅಥವಾ ಅದಕ್ಕಿಂತ ಕೆಳಗಿದ್ದರೆ ಮನೆಯಲ್ಲಿ ಆಕ್ಸಿಜನ್ ಬೇಕಾಗಬಹುದು, ರಕ್ತಪರೀಕ್ಷೆ ಮಾಡಿ ಖಾತ್ರಿ ಮಾಡಿಕೊಳ್ಳಬೇಕು. 89ರಿಂದ 93 ಇರುವವರಿಗೆ ದಿನನಿತ್ಯದ ಆಕ್ಸಿಜನ್‌ನಿಂದ ಆಯುಷ್ಯವೂ ಹೆಚ್ಚಲಿಲ್ಲ, ಆಸ್ಪತ್ರೆ ಅಲೆದಾಟವೂ ತಪ್ಪಲಿಲ್ಲ ಎಂದು 2016ರಲ್ಲೇ ಅಮೆರಿಕದ ದೊಡ್ಡ ಪ್ರಯೋಗ ತೋರಿಸಿತು. ನಿಜವಾಗಿ ಬೇಕಾದವರಿಗೂ ದಿನವಿಡೀ ಹಾಕಿಕೊಂಡೇ ಇರಬೇಕೆಂಬ ಕಟ್ಟುಪಾಡಿಲ್ಲ. 2024ರಲ್ಲಿ ಸ್ವೀಡನ್ನಿನಲ್ಲಿ 241 ಜನರನ್ನು ಒಂದು ವರ್ಷ ನೋಡಿದಾಗ, 24 ತಾಸು ತೆಗೆದುಕೊಂಡವರಿಗೂ 15 ತಾಸು ತೆಗೆದುಕೊಂಡವರಿಗೂ ಆಸ್ಪತ್ರೆ ಸೇರುವುದರಲ್ಲಾಗಲಿ ಸಾವಿನಲ್ಲಾಗಲಿ ವ್ಯತ್ಯಾಸ ಕಾಣಲಿಲ್ಲ. ಮೂಗಿನ ನಳಿಕೆ ಬಿಚ್ಚಿಟ್ಟು ಎದುರು ಮನೆಯ ಕಟ್ಟೆಗೆ ಹೋಗಿ ಕೂತು ಬರಬಹುದು ಎಂದು ಈಗ ನಾನು ಧೈರ್ಯವಾಗಿ ಹೇಳುತ್ತೇನೆ. ಕರೆಂಟು ಹೋದಾಗ ಗಾಬರಿಯಾಗುತ್ತಿದ್ದ ಮನೆಯವರ ಮುಖದಲ್ಲೂ ಸಮಾಧಾನ ಕಾಣುತ್ತದೆ. ಒಂದೇ ಒಂದು ನಿಷ್ಠುರ ಮಾತು: ಆಕ್ಸಿಜನ್ ಹಾಕಿಕೊಂಡು ಒಲೆ, ಸ್ಟೌ, ದೇವರ ದೀಪದ ಹತ್ತಿರ ಸುಳಿಯಬಾರದು. ಬೆಂಕಿ ಭಗ್ಗನೆ ಹತ್ತುತ್ತದೆ.

ಆ ತಾಯಿಗೆ ಇಂಜೆಕ್ಷನ್ನೂ ಬೇಕಾಗಲಿಲ್ಲ, ಆಕ್ಸಿಜನ್ನೂ ಬೇಕಾಗಲಿಲ್ಲ. ಶ್ವಾಸನಾಳ ಸಡಿಲಿಸುವ ಎರಡು ಔಷಧಿ ಸೇರಿದ ರೋಟಾಕ್ಯಾಪ್ ಬರೆದು, ಯಂತ್ರ ಕೈಗೆ ಕೊಟ್ಟು, ನನ್ನ ಮುಂದೆಯೇ ನಾಲ್ಕು ಸಲ ಎಳೆಸಿದೆ. ಮೊದಲ ಸಲ ಅಭ್ಯಾಸಬಲದಿಂದ ಊದಿಬಿಟ್ಟರು, ಪುಡಿಯೆಲ್ಲ ಹೊರಗೆ ಹಾರಿತು. "ಊದಬ್ಯಾಡ್ರವ್ವ, ಎಳಕೊಳ್ರಿ" ಎಂದು ಸೊಸೆ ಹೇಳಿಕೊಟ್ಟಳು. ನಾಲ್ಕನೆಯ ಸಲ ಕ್ಯಾಪ್ಸೂಲ್ ಗಿರ್ರನೆ ತಿರುಗಿದ ಸದ್ದು ಕೇಳಿತು. ದಿನಾ ಇಪ್ಪತ್ತು ನಿಮಿಷ ನಡೆಯಬೇಕು, ದಮ್ಮು ಬಂದರೆ ನಿಂತು ಮತ್ತೆ ನಡೆಯಬೇಕು ಎಂದೆ. ದಮ್ಮಿಗೆ ಹೆದರಿ ಮಂಚ ಹಿಡಿದವರ ಕಾಲಿನ ಶಕ್ತಿಯೂ ಹೋಗಿ ದಮ್ಮು ಇನ್ನೂ ಜಾಸ್ತಿಯಾಗುತ್ತದೆ. ಈ ಕಾಯಿಲೆಯಲ್ಲಿ ನಡಿಗೆಯೂ ಔಷಧಿಯೇ.

ದಕ್ಷಿಣ ಚೀನಾದ ಹಳ್ಳಿಗಳಲ್ಲಿ ಒಂಬತ್ತು ವರ್ಷ ನಡೆದು 2014ರಲ್ಲಿ ಪ್ರಕಟವಾದ ಒಂದು ಅಧ್ಯಯನವಿದೆ, ಅದನ್ನು ನಾನು ರೋಗಿಗಳ ಮನೆಯವರಿಗೆ ಕಥೆಯಂತೆ ಹೇಳುತ್ತೇನೆ. ಕೆಲವರು ಸೌದೆ ಬಿಟ್ಟು ಗೋಬರ್ ಗ್ಯಾಸಿಗೆ ಬಂದರು, ಕೆಲವರು ಅಡುಗೆಮನೆಯ ಹೊಗೆ ಹೊರಹೋಗುವಂತೆ ಸರಿಪಡಿಸಿಕೊಂಡರು, ಕೆಲವರು ಎರಡನ್ನೂ ಮಾಡಿದರು. ಬದಲಾಯಿಸಿಕೊಂಡವರಲ್ಲಿ ಶ್ವಾಸಕೋಶದ ಶಕ್ತಿ ಇಳಿಯುವುದು ನಿಧಾನವಾಯಿತು, ಎರಡನ್ನೂ ಮಾಡಿದವರಿಗೆ ಹೆಚ್ಚು ಲಾಭವಾಯಿತು. ಇಷ್ಟು ಕೇಳಿದ ಮಗ, "ಗ್ಯಾಸ್ ತುಟ್ಟಿ ಸಾರ್, ನೀರು ಕಾಸಾಕೆಲ್ಲ ಆಗಲ್ಲ" ಎಂದ. ಅವನ ಮಾತು ಸುಳ್ಳಲ್ಲ, ಸಿಲಿಂಡರ್ ಮನೆಗೆ ಬಂದಷ್ಟು ಸುಲಭಕ್ಕೆ ಅದನ್ನು ಮತ್ತೆ ತುಂಬಿಸಲು ದುಡ್ಡು ಹುಟ್ಟುವುದಿಲ್ಲ. ಹಾಗಾದರೆ ನೀರೊಲೆ ಎಲ್ಲಿದೆ ಎಂದು ಕೇಳಿದೆ. ಅಡುಗೆಮನೆಯ ಮೂಲೆಯಲ್ಲೇ, ಕಿಟಕಿ ಇಲ್ಲದ ಕಡೆ.

ಸೊಸೆ ಬಾಗಿಲ ಹತ್ತಿರ ಕೂಸನ್ನು ಎತ್ತಿಕೊಂಡು ನಿಂತಿದ್ದಳು. ಈಗ ಒಲೆಯ ಮುಂದೆ ಕೂರುವವಳು ಅವಳೇ. "ನೀನು ಎಷ್ಟು ತಾಸು ಕೂರ್ತೀಯವ್ವ?" ಎಂದೆ. ಅತ್ತೆಯ ಮುಖ ನೋಡಿ, "ಮೂರು ತಾಸು ಸಾರ್. ಬಂದು ಒಂಬತ್ತು ವರ್ಷಾತು" ಎಂದಳು.

ಅವಳ ಹೆಸರಲ್ಲೂ ಒಂದು ಚೀಟಿ ಮಾಡಿಸಿ, ಮೇಲ್ಗಡೆ 27 ಎಂದು ಬರೆದೆ. ಔಷಧಿ ಏನೂ ಬರೆಯಲಿಲ್ಲ. ನೀರೊಲೆಯನ್ನು ಹಿತ್ತಲಿಗೆ ಹಾಕು, ಅಡುಗೆ ಒಲೆಯ ಮೇಲೆ ಗೋಡೆ ಒಡೆಸಿ ಹೊಗೆ ಹೋಗುವ ಕಿಂಡಿ ಬಿಡಿಸು, ರೊಟ್ಟಿ ಬಡಿಯುವಾಗ ಕೂಸನ್ನು ನೀನು ಎತ್ತಿಕೋ ಎಂದು ಮಗನಿಗೆ ಹೇಳಿದೆ. ಮುಂದಿನ ತಿಂಗಳು ತಾಯಿಯನ್ನು ಕರೆತರುವಾಗ ಒಡೆದ ಗೋಡೆಯ ಫೋಟೋ ತರುತ್ತೇನೆ ಎಂದು ಹೇಳಿ ಹೋಗಿದ್ದಾನೆ.